ಅಂಚಿನ ತೂಕ

ಕ್ಲಚ್ಚು ಪುಣೆಯಿಂದ ಬಂದು ಮೂರು ದಿನ.
ಸೆರಾಮಿಕ್ ಬಿಲ್ಲೆ ಆರು, ಬಿಗಿ ಸ್ಪ್ರಿಂಗು,
ಕೆಂಪು ಬಳಿದ ಪ್ರೆಶರ್ ಪ್ಲೇಟು.
ವಿದುಲಾ ತಾಂಡೇಲ ಅದನ್ನು ಎರಡೂ ಕೈಯಲ್ಲಿ ಎತ್ತಿ
"ಇದಕ್ಕೆ ಜೋಡಿ ಯಾವುದು, ಇನಾಸ್ ಬಾಬ್?" ಅಂದಳು.

ಕೂಡಿಬರಬೇಕಾದ್ದು ಜಾತಕವಲ್ಲ,
ಬೋಲ್ಟಿನ ವೃತ್ತ, ಹಲ್ಲಿನ ಎಣಿಕೆ.
ಅವೆರಡೂ ಕೂಡಿದ ಮೇಲೆ
ಉಳಿಯುವ ಪ್ರಶ್ನೆ ತೂಕದ್ದು.

ಕೋಡಿಬಾಗದ ನನ್ನ ಶೆಡ್ಡಿನ ಮೇಜಿನ ಮೇಲೆ ಎರಡು ಫ್ಲೈವೀಲು:
ಕಂಪನಿಯದು, ಎರಕದ ಕಬ್ಬಿಣ, ಶಾಖಕ್ಕೆ ನೀಲಿಗಟ್ಟಿದ ಮುಖ;
ಇನ್ನೊಂದು ಅಲ್ಯುಮಿನಿಯಮ್ಮು, ಊಟದ ತಟ್ಟೆಯಷ್ಟು ಬಿಳಿ,
ಉಜ್ಜುವಲ್ಲಿ ಮಾತ್ರ ಉಕ್ಕಿನ ಬಳೆ.

ಪೆಟ್ಟಿಗೆಯ ಮೇಲೆ ಬರೆದ ತೂಕವನ್ನು ನಾನು ನಂಬುವವನಲ್ಲ.
ಮೀನು ಮಾರ್ಕೆಟ್ಟಿಗೆ ಹೊತ್ತೊಯ್ದೆವು.
ಗುಲಾಬಿ ಹರಿಕಂತ್ರ ಬಂಗುಡೆ ಸರಿಸಿ
ತಕ್ಕಡಿ ಖಾಲಿ ಮಾಡಿದಳು.
"ಇದೆಂಥ ಮೀನೋ! ಹಲ್ಲುಂಟು, ಕಣ್ಣಿಲ್ಲ."
ಏಳು ಕಿಲೋ ಇನ್ನೂರು.
ಮೂರು ಕಿಲೋ ನಾನೂರು.
"ಸಣ್ಣದು ತಕೊ ತಂಗಿ, ದೊಡ್ಡದು ಹಳತಾಯ್ತು."

ವಿದುಲಾಳಿಗೂ ಅದೇ ಬೇಕಿತ್ತು.
ಜನವರಿಗೆ ಗುಡ್ಡ ಏರುವ ರೇಸು,
ಅಲ್ಲಿಯವರೆಗೆ ಅದೇ ಕಾರಲ್ಲಿ ದಿನಾ ಅಂಕೋಲೆಯ ಬ್ಯಾಂಕು.
ಹಾಕಿಕೊಟ್ಟೆ.
ಕೆಲವು ಮಾತು ಕಿವಿಗೆ ಹೇಳಿ ಪ್ರಯೋಜನವಿಲ್ಲ,
ಕಾಲಿಗೇ ತಿಳಿಯಬೇಕು.

ಬೈತಕೋಲದ ದಾರಿಯಲ್ಲಿ ಸ್ವರ್ಗ.
ಮುಟ್ಟಿದರೆ ಸೂಜಿ ಜಿಗಿಯುತ್ತದೆ, ಬಿಟ್ಟರೆ ಬೀಳುತ್ತದೆ,
ಗೇರು ಗೇರಿಗೆ ಬೆಣ್ಣೆ. ಅವಳು ಹಾಡಿದಳು ಕೂಡ.

ಸುರಂಗ ಮುಚ್ಚಿತ್ತು ಅಂದು.
ಬಿಣಗಾದ ಹಳೇ ಘಟ್ಟದಲ್ಲಿ ಐಸ್ ಲಾರಿ ನಿಂತಿತು.
ನಾವೂ ನಿಂತೆವು.
ಹೊರಡುವಾಗ ಕಾರಿಗೆ ಚಳಿಜ್ವರ.
ಮೊದಲ ಸಲ ಸತ್ತಿತು. ಎರಡನೇ ಸಲ.
ಮೂರನೆಯದಕ್ಕೆ ಒಂದು ಗೇಣು ಹಿಂದಕ್ಕೆ ಜಾರಿ
ಬಸ್ಸಿನವನ ಹಾರನ್ನು, ಸುಟ್ಟ ಕ್ಲಚ್ಚಿನ ವಾಸನೆ,
ಲಾರಿಯಿಂದ ತೊಟ್ಟಿಕ್ಕುವ ಮೀನಿನ ನೀರು.

ನಿನ್ನಜ್ಜನ ದೋಣಿಯ ಇಂಜಿನ್ನು ನೆನಪುಂಟಾ?
ಒಂದೇ ಸಿಲಿಂಡರು, ಬೀಸುಕಲ್ಲಿನಂಥ ಚಕ್ರ.
ಹ್ಯಾಂಡಲು ತಿರುವಿ ತಿರುವಿ ನಾವು ಅದಕ್ಕೆ ಸಾಲ ಕೊಡುತ್ತಿದ್ದೆವು.
ಅಳಿವೆಯ ಬಾಯಲ್ಲಿ ಅಲೆ ಎದೆಗೆ ಹೊಡೆದು
ಇಂಜಿನ್ನಿಗೆ ಉಸಿರು ಕಟ್ಟಿದಾಗ
ಅದು ಆ ಸಾಲ ತೀರಿಸುತ್ತಿತ್ತು.
ಈ ತಟ್ಟೆಯ ಹತ್ತಿರ ಕೊಡಲಿಕ್ಕೆ ಏನುಂಟು?

"ಹಾಗಾದರೆ ಹಳೇದನ್ನೇ ಲೇತಿಗೆ ಕೊಟ್ಟು ತೆಳ್ಳಗೆ ಮಾಡಿಸುವಾ."

ಮೇಲೆ ನೋಡು ಅಂದೆ.
ಶೆಡ್ಡಿನ ತಗಡಿನಲ್ಲಿ ಅರ್ಧಚಂದ್ರದ ತೂತು.
ಇಪ್ಪತ್ತಾರರಲ್ಲಿ ನಾನೂ ಬುದ್ಧಿವಂತ.
ಕೆತ್ತಿಸಿದ ಎರಕ ಆರು ಸಾವಿರ ಸುತ್ತಿಗೆ ಸಿಡಿದು
ಬಾನೆಟ್ಟು ಸೀಳಿ, ತಗಡು ಸೀಳಿ, ಆಚೆ ಹೋಯಿತು.
ಆ ಚೂರು ಇನ್ನೂ ಸಿಕ್ಕಿಲ್ಲ.
ಮಳೆಗಾಲದಲ್ಲಿ ಅಲ್ಲಿ ಬಕೆಟ್ಟು ಇಡುತ್ತೇನೆ,
ತಗಡು ಬದಲಿಸುವುದಿಲ್ಲ.

ಅವಳು ಬಹಳ ಹೊತ್ತು ಮೇಲೆ ನೋಡಿದಳು.

ಆಮೇಲೆ ಚಾಕಿನಲ್ಲಿ ನೆಲದ ಮೇಲೆ ವೃತ್ತ ಬರೆದು ತೋರಿಸಿದೆ:
ತೂಕ ಎಷ್ಟು ಅನ್ನುವುದಕ್ಕಿಂತ
ಎಲ್ಲಿ ಕೂತಿದೆ ನೋಡು.
ಅರ್ಧ ದೂರದಲ್ಲಿಟ್ಟ ನಾಲ್ಕು ತೊಲ
ಅಂಚಿನ ಒಂದೇ ತೊಲಕ್ಕೆ ಸಮ.
ಅಂಚಿನವರು ತಿರುಗುವ ದಾರಿ ದೊಡ್ಡದು.
ಗುಂಡಿ ಹತ್ತಿರದ ಗುಡ್ಡ ಹತ್ತುವವಳಿಗೆ,
ಬ್ಯಾಂಕಿಗೂ ಹೋಗುವವಳಿಗೆ,
ಬಡಿದು ಮಾಡಿದ ಉಕ್ಕು, ಐದರ ಸುಮಾರು,
ಅಂಚಿನಲ್ಲಷ್ಟೇ ಸ್ವಲ್ಪ ಕೆತ್ತಿದ್ದು.

ಹದಿನೈದು ದಿನಕ್ಕೆ ಬಂತು. ಮತ್ತೆ ಗುಲಾಬಿಯ ತಕ್ಕಡಿ.
ಐದು ಕಿಲೋ ನೂರು.
"ಇದು ಸಾರಿಗೆ ಸಮ," ಅಂದಳು.
ಬಿಳಿ ತಟ್ಟೆಯನ್ನು ಕೊಡುತ್ತೀರಾ, ಐಸು ಒಡೆಯಲಿಕ್ಕೆ? ಕೊಡಲಿಲ್ಲ.

ಎದುರುಬದುರಾಗಿ ಬೋಲ್ಟು ಬಿಗಿದೆವು, ಅವಳೇ ಎಣಿಸಿದಳು.
ನ್ಯೂಟ್ರಲ್ಲಿನಲ್ಲಿ ಗೇರ್‌ಬಾಕ್ಸು ಗಲಗಲ ಅನ್ನುತ್ತದೆ ಈಗ,
ಡಬ್ಬಿಯಲ್ಲಿ ಚಿಪ್ಪಿ ಅಲ್ಲಾಡಿಸಿದ ಹಾಗೆ.
ಅದು ಇರುತ್ತದೆ, ಹಗುರಾದದ್ದಕ್ಕೆ ಸುಂಕ ಅಂದೆ.
ಇರಲಿ ಅಂದಳು.

ಅದೇ ಘಟ್ಟ, ಬೇರೆ ಲಾರಿ.
ಒಂದು ಸಲ ನಿಂತಿತು.
ಅದು ಚಕ್ರದ ತಪ್ಪಲ್ಲ ಅಂದೆ.
ಗೊತ್ತು ಅಂದಳು.